ಬಾಯಿ ಮುಚ್ಚಿಕೊಳ್ಳಬಹುದು, ಕೈ ಎಲ್ಲಿಡುತ್ತೀರಿ?

ಪ್ರಶ್ನೆ: ನಾವು ಮೂವರು ಸ್ನೇಹಿತರು ಸೇರಿ ಒಂದು ಸಣ್ಣ ಸಾಫ್ಟ್‌ವೇರ್ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದೇವೆ. ಈಗ ವಿವಾದದಲ್ಲಿರುವ ಒಂದು ಕಾನೂನಿನ ಬಗ್ಗೆ ಕಂಪನಿ ತನ್ನ ನಿಲುವು ಪ್ರಕಟಿಸಬೇಕೆಂದು ಕೆಲವು ನೌಕರರು ಪತ್ರ ಕೊಟ್ಟಿದ್ದಾರೆ. 'ವ್ಯಾಪಾರವೇ ಬೇರೆ, ರಾಜಕೀಯವೇ ಬೇರೆ. ಊರ ಉಸಾಬರಿ ನಮಗೇಕೆ?' ಎನ್ನುತ್ತಾರೆ ಒಬ್ಬ ಪಾಲುದಾರರು. 'ಸುಮ್ಮನಿರುವುದೂ ರಾಜಕೀಯವೇ' ಎನ್ನುತ್ತಾರೆ ಇನ್ನೊಬ್ಬರು. ವ್ಯಾಪಾರ ರಾಜಕೀಯದಿಂದ ದೂರ ಇರಲು ನಿಜಕ್ಕೂ ಸಾಧ್ಯವೇ?

ಉತ್ತರ: ನಿಮ್ಮ ಇಬ್ಬರು ಪಾಲುದಾರರೂ 'ರಾಜಕೀಯ' ಎಂಬ ಒಂದೇ ಪದ ಹಿಡಿದು ಎರಡು ಬೇರೆ ಸಂಗತಿಗಳ ಬಗ್ಗೆ ವಾದಿಸುತ್ತಿದ್ದಾರೆ. ಒಬ್ಬರ ಕಣ್ಣ ಮುಂದಿರುವುದು ಪಕ್ಷ, ಚುನಾವಣೆ, ಟಿವಿಯ ಕೂಗಾಟ. ಇನ್ನೊಬ್ಬರ ಕಣ್ಣ ಮುಂದಿರುವುದು ಯಾರಿಗೆ ಏನು ಸಲ್ಲಬೇಕು, ಯಾರ ಮಾತು ನಡೆಯಬೇಕು ಎಂದು ಒಂದು ಸಮಾಜ ತೀರ್ಮಾನಿಸುವ ರೀತಿ. ಪಕ್ಷಗಳಿಂದ ವ್ಯಾಪಾರ ದೂರ ಇರಬಹುದು, ಇರಲೂಬೇಕು. ಆ ಎರಡನೆಯದರಿಂದ ದೂರ ಇರುವುದು ಮಾತ್ರ ಆಗದ ಮಾತು, ಏಕೆಂದರೆ ವ್ಯಾಪಾರ ಹುಟ್ಟುವುದೇ ಅದರ ಹೊಟ್ಟೆಯಲ್ಲಿ. ಇವೆರಡರ ನಡುವೆ ಇನ್ನೊಂದು ಜಾಗವಿದೆ. ಸುದ್ದಿಯಲ್ಲಿರುವ ವಿಷಯಕ್ಕೆ ಕಂಪನಿ ಬಾಯಿ ಬಿಡಬೇಕೇ, ಬೇಡವೇ ಎಂಬ ಜಾಗ ಅದು. ನಿಮ್ಮ ನೌಕರರ ಪತ್ರ ಬಂದಿರುವುದು ಅಲ್ಲಿಂದ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಿನಿಂದ ಬರುತ್ತೇನೆ.

ನಿಮ್ಮ ಕಂಪನಿಯ ಹೆಸರಿನ ಕೊನೆಯಲ್ಲಿರುವ 'ಲಿಮಿಟೆಡ್' ಎಂಬ ಪದವನ್ನೇ ನೋಡಿ. ಕಂಪನಿ ಮುಳುಗಿದರೂ ಅದಕ್ಕೆ ಸಾಲ ಕೊಟ್ಟವರು ನಿಮ್ಮ ಮನೆ ಬಾಗಿಲಿಗೆ ಬರುವಂತಿಲ್ಲ ಎಂಬುದು ಅದರ ಅರ್ಥ. ಈ ರಕ್ಷಣೆ ಆಕಾಶದಿಂದ ಉದುರಿದ್ದಲ್ಲ. ಬ್ರಿಟನ್ನಿನ ಸಂಸತ್ತು 1855ರಲ್ಲಿ, ಸಾಕಷ್ಟು ಜಗ್ಗಾಟದ ನಂತರ, ಕಾನೂನು ಮಾಡಿ ಇದನ್ನು ಕೊಟ್ಟಿತು. ಅಲ್ಲಿಯವರೆಗೆ ಅಲ್ಲಿ ಸಾಮಾನ್ಯ ವ್ಯಾಪಾರದಲ್ಲಿ ಪಾಲಿದ್ದವನು ಸಾಲಕ್ಕೆ ತನ್ನ ಕೊನೆಯ ಕಾಸಿನವರೆಗೂ ಹೊಣೆ. 1897ರಲ್ಲಿ ಏರನ್ ಸಾಲೊಮನ್ ಎಂಬ ಬೂಟು ತಯಾರಕರ ಪ್ರಕರಣ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಅವರ ಕಂಪನಿಯ 20,007 ಷೇರುಗಳಲ್ಲಿ 20,001 ಅವರದೇ, ಉಳಿದ ಆರು ಹೆಂಡತಿ ಮಕ್ಕಳದು. ಕಂಪನಿ ಮುಳುಗಿತು. ಇದು ಹೆಸರಿಗೆ ಮಾತ್ರ ಕಂಪನಿ, ಸಾಲವನ್ನು ಸಾಲೊಮನ್ನರೇ ತೀರಿಸಬೇಕು ಎಂದು ಕೆಳಗಿನ ನ್ಯಾಯಾಲಯಗಳು ಹೇಳಿದ್ದವು. ಲಾರ್ಡ್ಸ್ ಅದನ್ನು ತಳ್ಳಿಹಾಕಿ, ಕಂಪನಿ ಬೇರೆ ವ್ಯಕ್ತಿ, ಸಾಲೊಮನ್ ಬೇರೆ ವ್ಯಕ್ತಿ ಎಂದರು. ಯಾವ ಅಡಮಾನವೂ ಇಲ್ಲದೆ ಕಂಪನಿಗೆ ಸರಕು ಕೊಟ್ಟಿದ್ದವರು ಬರಿಗೈಯಲ್ಲಿ ಹೋದರು. ಇಂದು ಜಗತ್ತಿನ ದೊಡ್ಡ ಭಾಗದಲ್ಲಿ ಕಂಪನಿ ಕಾನೂನು ಕಲಿಯುವವರು ಮೊದಲು ಓದುವ ತೀರ್ಪು ಇದು. ಆ ಸಾಮಗ್ರಿ ಕೊಟ್ಟವರ ಸ್ಥಾನದಲ್ಲಿ ನಿಂತು ಓದಿದರೆ, ನಷ್ಟ ಯಾರ ತಲೆಗೆ ಎಂಬ ತೀರ್ಮಾನವನ್ನು ಕಾನೂನು ಮಾಡಿತು ಎಂಬುದು ಸ್ಪಷ್ಟವಾಗುತ್ತದೆ. ನಾನು ಸೀಮಿತ ಹೊಣೆಗಾರಿಕೆಯ ಪರವಾಗಿಯೇ ಇದ್ದೇನೆ, ಅದಿಲ್ಲದೆ ನಿಮ್ಮಂಥವರು ಹೊಸ ಕೆಲಸಕ್ಕೆ ಕೈಹಾಕುವುದು ಕಷ್ಟ. ಆದರೆ ಅದು ಸಮಾಜ ಯೋಚಿಸಿ ಕೊಟ್ಟ ವರ, ಕೊಟ್ಟವರು ಷರತ್ತು ಹಾಕಬಲ್ಲರು.

ಆಸ್ತಿಯ ಮಾತೂ ಹೀಗೆಯೇ. ಇಲ್ಲಿ ಒಂದು ಉದಾಹರಣೆ ಹೇಳಲೇಬೇಕು, ಹೇಳುವಾಗ ಪ್ರತಿ ಸಲವೂ ಮನಸ್ಸು ಭಾರವಾಗುತ್ತದೆ. ಬ್ರಿಟನ್ 1833ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ತಂದಾಗ 2 ಕೋಟಿ ಪೌಂಡ್ ಪರಿಹಾರ ಎತ್ತಿಟ್ಟಿತು. ಆ ಹಣ ಹೋದದ್ದು ಗುಲಾಮರ ಒಡೆಯರಿಗೆ. ಸರಪಳಿಯಲ್ಲಿ ದುಡಿದವರಿಗೆ ಒಂದು ಕಾಸೂ ಇಲ್ಲ. ತೋಟದ ಲೆಕ್ಕಪುಸ್ತಕದಲ್ಲಿ ಮನುಷ್ಯರು ಆಸ್ತಿಯ ಕಲಮಿನಲ್ಲಿದ್ದರು, ಆಸ್ತಿ ಕಳೆದುಕೊಂಡವರಿಗೆ ಪರಿಹಾರ ಎಂಬ ತರ್ಕ. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿಯನ್ನು ಬ್ರಿಟನ್ ಸರ್ಕಾರ ತೀರಿಸಿದ್ದು 2015ರಲ್ಲಿ. ಸಕ್ಕರೆಯ ವ್ಯಾಪಾರಿ ತಾನು ಬರೀ ಸಕ್ಕರೆ ಮಾರುವವನು, ರಾಜಕೀಯ ತನಗೆ ಬೇಡ ಎಂದು ಆಗ ಹೇಳಿಕೊಂಡಿದ್ದರೆ ಅವನ ಲೆಕ್ಕಪುಸ್ತಕವೇ ಅವನ ಮಾತನ್ನು ಸುಳ್ಳಾಗಿಸುತ್ತಿತ್ತು.

'ಲಾಭ ಮಾಡುವುದೇ ಕಂಪನಿಯ ಸಾಮಾಜಿಕ ಹೊಣೆ' ಎಂಬ ವಾದವನ್ನು ನಿಮ್ಮ ಮೊದಲ ಪಾಲುದಾರರು ಮುಂದಿಡಬಹುದು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಲೇಖನ ಈ ವಾದಕ್ಕೆ ಆಧಾರ. ಆ ಲೇಖನವನ್ನು ಉದಾಹರಿಸುವವರಲ್ಲಿ ಬಹಳ ಮಂದಿ ಅದರ ಅರ್ಧವನ್ನೇ ಹೇಳುತ್ತಾರೆ. ಫ್ರೀಡ್‌ಮನ್ ಒಂದು ಷರತ್ತು ಸೇರಿಸಿದ್ದರು: ಸಮಾಜದ ಮೂಲ ನಿಯಮಗಳಿಗೆ, ಅಂದರೆ ಕಾನೂನಿನಲ್ಲಿ ಬರೆದದ್ದಕ್ಕೂ ನೈತಿಕ ರೂಢಿಯಲ್ಲಿರುವುದಕ್ಕೂ, ಬದ್ಧವಾಗಿ ಲಾಭ ಮಾಡಬೇಕು, ಮೋಸ, ವಂಚನೆ ಇರಬಾರದು. ಮ್ಯಾನೇಜರ್ ಷೇರುದಾರರ ಹಣದಿಂದ ತನ್ನ ಮೆಚ್ಚಿನ ಧ್ಯೇಯಗಳಿಗೆ ದಾನ ಮಾಡಬಾರದು ಎಂಬ ಅವರ ಮಾತಿನಲ್ಲಿ ತೂಕವಿದೆ, ನಾನು ಒಪ್ಪುತ್ತೇನೆ. ಆದರೆ ಆ ಇಡೀ ವಾದ ನಿಂತಿರುವುದು, ಆಟದ ನಿಯಮ ಬರೆಯುವವರು ಬೇರೆ, ಆಡುವವರು ಬೇರೆ ಎಂಬ ನಂಬಿಕೆಯ ಮೇಲೆ. ಆಡುವವರೇ ಹಿಂದಿನ ಬಾಗಿಲಿನಿಂದ ಹೋಗಿ ನಿಯಮ ತಿದ್ದಿ ಬರುವುದಾದರೆ ಆ ನಂಬಿಕೆಗೆ ಏನು ಉಳಿಯುತ್ತದೆ?

ಹಾಗೆ ಹೋದವರ ಕಥೆಗಳು ಬೇಕಾದಷ್ಟಿವೆ. ಒಂದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದರಲ್ಲಿರುವ ಒಂದು ಲೆಕ್ಕ ಎಲ್ಲವನ್ನೂ ಹೇಳುತ್ತದೆ. ಗ್ವಾಟೆಮಾಲಾದಲ್ಲಿ ಯುನೈಟೆಡ್ ಫ್ರೂಟ್ ಎಂಬ ಅಮೆರಿಕನ್ ಬಾಳೆಹಣ್ಣಿನ ಕಂಪನಿಗೆ ಅಪಾರ ಭೂಮಿ ಇತ್ತು, ಅದರಲ್ಲಿ ಬಹುಪಾಲು ಪಾಳು. ಚುನಾಯಿತ ಅಧ್ಯಕ್ಷ ಹಕೋಬೊ ಆರ್ಬೆನ್ಸ್ 1952ರಲ್ಲಿ ಭೂಸುಧಾರಣಾ ಕಾನೂನು ತಂದು ಪಾಳುಭೂಮಿಯನ್ನು ರೈತರಿಗೆ ಹಂಚಲು ಹೊರಟರು. ಪರಿಹಾರ ಎಷ್ಟು? ತೆರಿಗೆಗಾಗಿ ಕಂಪನಿ ತಾನೇ ಘೋಷಿಸಿದ್ದ ಮೌಲ್ಯದಷ್ಟು, ಸುಮಾರು 6.27 ಲಕ್ಷ ಡಾಲರ್. ಕಂಪನಿಯ ಪರವಾಗಿ ಅಮೆರಿಕದ ವಿದೇಶಾಂಗ ಇಲಾಖೆ ಕೇಳಿದ್ದು 1.58 ಕೋಟಿ ಡಾಲರಿಗೂ ಹೆಚ್ಚು. ತೆರಿಗೆ ಕಟ್ಟುವಾಗ ಆ ಭೂಮಿಯ ಬೆಲೆ ಒಂದು, ಬಿಟ್ಟುಕೊಡುವಾಗ ಇನ್ನೊಂದು. 1954ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬೆಂಬಲದ ದಂಗೆಯಲ್ಲಿ ಆರ್ಬೆನ್ಸ್ ಅಧಿಕಾರ ಕಳೆದುಕೊಂಡರು. ಶೀತಲ ಸಮರದ ಭಯವೂ ಅದಕ್ಕೆ ಕಾರಣ, ಎಲ್ಲವನ್ನೂ ಒಂದು ಕಂಪನಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಆ ದೇಶ 1960ರಿಂದ 1996ರವರೆಗೆ ಅಂತರ್ಯುದ್ಧದಲ್ಲಿ ಬೆಂದಿತು.

ಇಷ್ಟು ಕ್ರೂರವಲ್ಲದ, ದಿನನಿತ್ಯದ ರೂಪವೂ ಇದೆ. 2018ರ ಮಾರ್ಚ್‌ನಲ್ಲಿ ಅಮೆರಿಕ ಆಮದು ಉಕ್ಕಿನ ಮೇಲೆ 25 ಶೇಕಡಾ ಸುಂಕ ಹಾಕಿತು. ಉಕ್ಕು ಕಾಯಿಸುವ ಕಾರ್ಖಾನೆಗಳಿಗೆ ಅದು ಹಬ್ಬ, ಅದೇ ಉಕ್ಕು ಕೊಂಡು ಮೊಳೆ, ಡಬ್ಬಿ, ಯಂತ್ರದ ಬಿಡಿಭಾಗ ಮಾಡುವವರಿಗೆ ಹೊಡೆತ. ಇಬ್ಬರೂ ವ್ಯಾಪಾರಿಗಳೇ. ಹಾಗಾಗಿ 'ವ್ಯಾಪಾರದ ಹಿತ' ಎಂಬ ಒಂದೇ ಹಿತ ಇದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾರ ವ್ಯಾಪಾರ ಎಂದು.

ಇನ್ನು ಪಕ್ಷಗಳ ವಿಷಯ. ಇದು ನನ್ನ ದೃಷ್ಟಿಯಲ್ಲಿ ಬಹಳ ಸರಳ, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಂಪನಿಯ ಹಣ ಪಕ್ಷದ ಖಜಾನೆಗೆ ಹೋಗಬಾರದು ಎಂದು ಗೆರೆ ಎಳೆಯಲು ಸಾಧ್ಯ, ಹಲವು ದೇಶಗಳು ಎಳೆದಿವೆ. ಅಮೆರಿಕ 1907ರಲ್ಲೇ ರಾಷ್ಟ್ರೀಯ ಚುನಾವಣೆಗಳಲ್ಲಿ ಕಂಪನಿಗಳ ನೇರ ದೇಣಿಗೆ ನಿಷೇಧಿಸಿತು, ಫ್ರಾನ್ಸ್ 1995ರಲ್ಲಿ. ಬ್ರೆಜಿಲ್‌ನಲ್ಲಿ 2015ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಕಂಪನಿ ದೇಣಿಗೆಯನ್ನು ಅಸಾಂವಿಧಾನಿಕ ಎಂದಿತು. ಭಾರತದ ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಕೊಟ್ಟವರ ಹೆಸರು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡ್‌ಗಳನ್ನು ರದ್ದು ಮಾಡಿತು. ಗೆರೆ ಎಳೆದ ಮಾತ್ರಕ್ಕೆ ಸೋರುವುದು ನಿಲ್ಲುವುದಿಲ್ಲ ಎಂಬುದೂ ನಿಜ. 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಜೊತೆ ಮಾತಾಡಿಕೊಳ್ಳದೆ ಸ್ವತಂತ್ರವಾಗಿ ಪ್ರಚಾರಕ್ಕೆ ಹಣ ಸುರಿಯಲು ಕಂಪನಿಗಳಿಗೆ ದಾರಿ ಬಿಟ್ಟಿತು. ಆದರೂ ನಿಮ್ಮ ಮಟ್ಟಿಗೆ ಉತ್ತರ ಒಂದೇ: ಯಾವ ಪಕ್ಷಕ್ಕೂ ಕಂಪನಿಯ ಖಾತೆಯಿಂದ ಹಣ ಬೇಡ. ಕೊಡುವ ಮನಸ್ಸಿದ್ದರೆ ನಿಮ್ಮ ನಿಮ್ಮ ಸ್ವಂತ ಜೇಬಿನಿಂದ, ಸ್ವಂತ ಹೆಸರಿನಲ್ಲಿ ಕೊಡಿ.

ಈಗ ಆ ಕಷ್ಟದ ಜಾಗಕ್ಕೆ ಬರೋಣ. ವ್ಯಾಪಾರದ ಚರಿತ್ರೆ ಓದುತ್ತ ನನಗೆ ಬಹಳ ಉಪಯೋಗಕ್ಕೆ ಬಂದಿರುವುದು ಒಂದು ಸಣ್ಣ ಭೇದ. ಒಂದು ಅನ್ಯಾಯದ ಬಗ್ಗೆ ಕಂಪನಿ ಮಾತಾಡುತ್ತದೆಯೇ ಎಂಬುದು ಒಂದು ಪ್ರಶ್ನೆ. ಆ ಅನ್ಯಾಯ ನಡೆಯುವುದು ಕಂಪನಿಯ ಕೈಯಿಂದಲೇ ಏನು ಎಂಬುದು ಇನ್ನೊಂದು. ಜನ ಮೊದಲನೆಯದಕ್ಕೆ ಹೊಡೆದಾಡುತ್ತಾರೆ, ತೂಕ ಇರುವುದು ಎರಡನೆಯದಕ್ಕೆ.

ಅಮೆರಿಕದ ಲೂಯಿಸಿಯಾನಾ ರಾಜ್ಯ 1890ರಲ್ಲಿ ಒಂದು ಕಾನೂನು ಮಾಡಿತು: ರೈಲಿನಲ್ಲಿ ಬಿಳಿಯರಿಗೆ ಬೇರೆ ಡಬ್ಬಿ, ಕರಿಯರಿಗೆ ಬೇರೆ ಡಬ್ಬಿ. ಪ್ರಯಾಣಿಕರನ್ನು ತಪ್ಪು ಡಬ್ಬಿಯಲ್ಲಿ ಕೂರಿಸಿದ ರೈಲು ನೌಕರನಿಗೆ 25 ಡಾಲರ್ ದಂಡ ಅಥವಾ ಜೈಲು. ರೈಲು ಕಂಪನಿಗಳಿಗೆ ಇದು ಇಷ್ಟವಿರಲಿಲ್ಲ. ತತ್ವದ ಮಾತಿರಲಿ, ಖರ್ಚಿನ ಮಾತು ನೋಡಿ: ನಾಲ್ಕೇ ಜನ ಇದ್ದರೂ ಇನ್ನೊಂದು ಡಬ್ಬಿ ಎಳೆಯಬೇಕು. ಕಾನೂನನ್ನು ಪ್ರಶ್ನಿಸಲು ನ್ಯೂ ಆರ್ಲಿಯನ್ಸ್‌ನ ನಾಗರಿಕರ ಸಮಿತಿಯೊಂದು ಹೊರಟಾಗ ಈಸ್ಟ್ ಲೂಯಿಸಿಯಾನಾ ರೈಲ್ವೆ ಕಂಪನಿ ಒಳಗೊಳಗೇ ಸಹಕರಿಸಿತು. 1892ರ ಜೂನ್ 7ರಂದು ಹೋಮರ್ ಪ್ಲೆಸಿ ಎಂಬವರು ಮೊದಲ ದರ್ಜೆಯ ಟಿಕೆಟ್ ಕೊಂಡು ಬಿಳಿಯರ ಡಬ್ಬಿಯಲ್ಲಿ ಕುಳಿತರು. ಕಂಡಕ್ಟರ್ ಬಂದು ನಿಮ್ಮ ಜನಾಂಗ ಯಾವುದು ಎಂದು ಕೇಳಿದರು. ಪ್ಲೆಸಿ ಬಂಧನಕ್ಕೊಳಗಾದರು. 1896ರಲ್ಲಿ ಸುಪ್ರೀಂ ಕೋರ್ಟ್ ಏಳು ನ್ಯಾಯಮೂರ್ತಿಗಳ ಬಹುಮತದಿಂದ, ಒಬ್ಬರ ಭಿನ್ನಮತದೊಂದಿಗೆ, ಆ ಕಾನೂನನ್ನು ಎತ್ತಿಹಿಡಿಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ರತ್ಯೇಕತೆಗೆ ಆಸರೆಯಾದ ತೀರ್ಪು ಅದು.

ಆ ಕಂಡಕ್ಟರ್‌ನನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಿ. ಅವನು ಶಾಸಕನಲ್ಲ, ಪೊಲೀಸನಲ್ಲ. ಟಿಕೆಟ್ ನೋಡಿ ತೂತು ಹಾಕುವುದು ಅವನ ಕೆಲಸ. ಕಾನೂನು ಬಂದ ಮರುದಿನದಿಂದ ಪ್ರಯಾಣಿಕನ ಮುಖ ನೋಡಿ ಜನಾಂಗ ತೀರ್ಮಾನಿಸುವುದೂ ಅವನ ಕೆಲಸವಾಯಿತು. ಕಂಪನಿ ಯಾವ ಹೇಳಿಕೆಯನ್ನೂ ಕೊಡದೆ ಬಾಯಿ ಮುಚ್ಚಿ ಕೂತರೂ ಅದರ ಸಮವಸ್ತ್ರ ತೊಟ್ಟ ಮನುಷ್ಯ ಆ ಪ್ರಶ್ನೆ ಕೇಳಲೇಬೇಕಿತ್ತು. ತಟಸ್ಥವಾಗಿರಲು ಅಲ್ಲಿ ಜಾಗವೇ ಇರಲಿಲ್ಲ. ಕಾನೂನು ಪಾಲಿಸಬಹುದು, ಮುರಿಯಬಹುದು, ನ್ಯಾಯಾಲಯಕ್ಕೆ ಒಯ್ಯಬಹುದು. ಮೂರೂ ರಾಜಕೀಯವೇ.

ಕಾನೂನಿನ ಒತ್ತಾಯ ಅಷ್ಟಿಲ್ಲದ, ಬರೀ ರೂಢಿಯ ನೆರಳಿನಲ್ಲಿ ನಡೆದ ಇನ್ನೊಂದು ಘಟನೆ ಇದಕ್ಕಿಂತಲೂ ನಿಮಗೆ ಹತ್ತಿರದ್ದು. 1960ರ ಫೆಬ್ರವರಿ 1ರಂದು ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೋ ಊರಿನ ವೂಲ್‌ವರ್ತ್ ಮಳಿಗೆಗೆ ನಾಲ್ವರು ಕರಿಯ ವಿದ್ಯಾರ್ಥಿಗಳು ಹೋದರು. ಟೂತ್‌ಪೇಸ್ಟ್ ಮುಂತಾದ ಸಾಮಾನು ಕೊಂಡರು, ಮಳಿಗೆ ಹಣ ತೆಗೆದುಕೊಂಡಿತು. ಅದೇ ಮಳಿಗೆಯ ಊಟದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದರೆ ಕೊಡಲಿಲ್ಲ. ಸ್ಥಳೀಯ ರೂಢಿಯನ್ನು ಪಾಲಿಸುವುದು ತನ್ನ ನೀತಿ ಎಂದಿತು ಕಂಪನಿ. ಈ ಉತ್ತರದಲ್ಲಿ ದ್ವೇಷದ ಒಂದು ಅಕ್ಷರವೂ ಇಲ್ಲ, ಕೇಳಲು ಎಷ್ಟು ಸಭ್ಯ! ನಿಮ್ಮ ಪಾಲುದಾರರು ಹೇಳುವ 'ನಮ್ಮ ಪಾಡಿಗೆ ನಾವು' ಎಂಬುದರ ಅಚ್ಚುಕಟ್ಟಾದ ರೂಪ ಅದು. ಆದರೆ ಆ ಕೌಂಟರಿನ ಈಚೆ ಕುಳಿತವರ ಪಾಲಿಗೆ 'ಸ್ಥಳೀಯ ರೂಢಿ' ಎಂದರೆ ಬೇರೆ ಯಾರೋ ಅಲ್ಲ, ಕಾಫಿ ಕೊಡಲು ನಿರಾಕರಿಸಿದ ಆ ಕಂಪನಿಯೇ. ವಿದ್ಯಾರ್ಥಿಗಳು ಮರುದಿನ ಬಂದರು, ಅದರ ಮರುದಿನ ಇನ್ನಷ್ಟು ಮಂದಿ ಬಂದರು, ಧರಣಿ ಬೇರೆ ಊರುಗಳಿಗೆ ಹಬ್ಬಿತು. ಜುಲೈ 25ರಂದು ಕೌಂಟರ್ ಎಲ್ಲರಿಗೂ ತೆರೆಯಿತು. ಅಲ್ಲಿ ಮೊದಲು ಕುಳಿತು ತಿಂದವರು ಅದೇ ಮಳಿಗೆಯ ಕರಿಯ ನೌಕರರು.

ನೀವು ಸಾಫ್ಟ್‌ವೇರ್‌ನವರಾದ್ದರಿಂದ ಮೂರನೆಯ ಕಥೆಯನ್ನು ಗಮನವಿಟ್ಟು ಓದಿ. ಅಮೆರಿಕದ ಪೋಲರಾಯ್ಡ್ ಕಂಪನಿ ತಕ್ಷಣ ಫೋಟೊ ಕೊಡುವ ಕ್ಯಾಮೆರಾಕ್ಕೆ ಹೆಸರಾಗಿತ್ತು. ಗುರುತಿನ ಚೀಟಿಗೆ ಬೇಕಾದ ಫೋಟೊಗಳನ್ನು ನಿಮಿಷದೊಳಗೆ ತೆಗೆದುಕೊಡುವ ಉಪಕರಣವೂ ಅದರದಿತ್ತು. 1970ರಲ್ಲಿ ಅಲ್ಲಿ ಕೆಲಸಕ್ಕಿದ್ದ ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ತಮ್ಮದೇ ಕಚೇರಿಯಲ್ಲಿ ದಕ್ಷಿಣ ಆಫ್ರಿಕಾದ ಗುರುತಿನ ಚೀಟಿಯ ಒಂದು ಮಾದರಿ ನೋಡಿದರು. ವರ್ಣಭೇದದ ಆ ಆಡಳಿತದಲ್ಲಿ ಕರಿಯರು ಎಲ್ಲಿ ಓಡಾಡಬಹುದು, ಎಲ್ಲಿ ಇರಬಾರದು ಎಂಬುದನ್ನು ನಿಗದಿಪಡಿಸುತ್ತಿದ್ದ ಪಾಸ್‌ಪುಸ್ತಕಗಳ ಫೋಟೊಗಳಿಗೆ ತಮ್ಮ ಕಂಪನಿಯ ಉಪಕರಣ ಬಳಕೆಯಾಗುತ್ತಿದೆ ಎಂದು ಅವರಿಬ್ಬರಿಗೆ ಅರ್ಥವಾಯಿತು. ಅವರು ಚಳವಳಿ ಶುರು ಮಾಡಿದರು, ಬಹಿಷ್ಕಾರಕ್ಕೆ ಕರೆ ಕೊಟ್ಟರು. ಇಬ್ಬರೂ ಕೆಲಸದಲ್ಲಿ ಉಳಿಯಲಿಲ್ಲ. ಕಂಪನಿ ಒಂದು ತಂಡ ಕಳಿಸಿ ಪರಿಶೀಲಿಸಿತು, ಸರ್ಕಾರಕ್ಕೆ ಮಾರುವುದಿಲ್ಲ ಎಂದು ಘೋಷಿಸಿತು, ಆದರೆ ವ್ಯಾಪಾರ ಮುಂದುವರಿಸಿತು. ಸ್ಥಳೀಯ ವಿತರಕ ಗುಟ್ಟಾಗಿ ಸರ್ಕಾರಕ್ಕೆ ಮಾರುತ್ತಿದ್ದುದು ಬಯಲಾದ ಮೇಲೆ, 1977ರಲ್ಲಿ, ಆ ದೇಶದಿಂದ ಹೊರಬಂತು.

ಪೋಲರಾಯ್ಡ್ ವರ್ಣಭೇದದ ಪರ ಒಂದು ಮಾತೂ ಆಡಿರಲಿಲ್ಲ. ವಿರೋಧವಾಗಿ ಆಡಿತ್ತು ಕೂಡ. ಇಲ್ಲಿ ಮಾತು ಲೆಕ್ಕಕ್ಕೆ ಬರಲಿಲ್ಲ, ಕ್ಯಾಮೆರಾ ಬಂತು. ಆ ಕ್ಯಾಮೆರಾ ಎಲ್ಲಿಗೆ ಹೋಗುತ್ತಿದೆ ಎಂದು ಮೊದಲು ನೋಡಿದವರು ನಿರ್ದೇಶಕ ಮಂಡಳಿಯವರಲ್ಲ, ಇಬ್ಬರು ನೌಕರರು. ನೌಕರರ ಪತ್ರ ಬಂದಾಗ ಕಿರಿಕಿರಿ ಎಂದು ಮಡಚಿಡುವ ಮೊದಲು ಇದನ್ನು ನೆನಪಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಹಾಗಾದರೆ ಎಲ್ಲದಕ್ಕೂ ಹೇಳಿಕೆ ಕೊಡಬೇಕೇ? ಬೇಡ. ಇಲ್ಲಿ ನಾನು ನಿಮ್ಮ ಎರಡನೆಯ ಪಾಲುದಾರರ ಜೊತೆ ಒಪ್ಪುವುದಿಲ್ಲ. ಜಗತ್ತಿನ ಪ್ರತಿ ಜಗಳಕ್ಕೂ ಕಂಪನಿ ಬಾಯಿ ಹಾಕಿದರೆ ಎರಡು ಹಾನಿ. ಬೇರೆ ಅಭಿಪ್ರಾಯದ ನೌಕರ ತನ್ನ ಸಂಬಳ ಕೊಡುವವರ ಮುಂದೆ ಬಾಯಿ ಕಟ್ಟಿಕೊಂಡು ಬದುಕಬೇಕಾಗುತ್ತದೆ. ಜೊತೆಗೆ, ಒಂದು ಮತವಿರುವ ನಾಗರಿಕನಿಗಿಂತ ದುಡ್ಡಿರುವ ಕಂಪನಿಯ ದನಿ ಎಷ್ಟೋ ಪಟ್ಟು ಜೋರು. ಆ ದನಿ ನಮಗೆ ಹಿತವಾದ ವಿಷಯಕ್ಕೆ ಎದ್ದಾಗ ಚಪ್ಪಾಳೆ ತಟ್ಟಿದರೆ, ನಾಳೆ ಅಹಿತವಾದ ವಿಷಯಕ್ಕೆ ಎದ್ದಾಗ ತಡೆಯಲು ನಮ್ಮ ಬಳಿ ಏನೂ ಇರುವುದಿಲ್ಲ. ತನ್ನ ಕೈ ಇಲ್ಲದ ವಿಷಯದಲ್ಲಿ ಕಂಪನಿ ಸುಮ್ಮನಿರುವುದು ಹೇಡಿತನವಲ್ಲ, ಎಷ್ಟೋ ಸಲ ಅದೇ ಮರ್ಯಾದೆ.

ಆದರೆ ಮೌನಕ್ಕೂ ಒಂದು ನಿಯತ್ತು ಬೇಕು. 2020ರ ಸೆಪ್ಟೆಂಬರ್‌ನಲ್ಲಿ ಕ್ರಿಪ್ಟೊ, ಅಂದರೆ ಡಿಜಿಟಲ್ ಹಣದ, ವಹಿವಾಟು ನಡೆಸುವ ಕಂಪನಿ ಕಾಯಿನ್‌ಬೇಸ್‌ನ ಮುಖ್ಯಸ್ಥ ಬ್ರಯಾನ್ ಆರ್ಮ್‌ಸ್ಟ್ರಾಂಗ್, ತಮ್ಮ ಧ್ಯೇಯಕ್ಕೆ ಸಂಬಂಧಿಸದ ರಾಜಕೀಯ, ಸಾಮಾಜಿಕ ವಿಷಯಗಳಲ್ಲಿ ಕಂಪನಿ ತೊಡಗುವುದಿಲ್ಲ, ಒಪ್ಪದವರು ಪರಿಹಾರ ಪಡೆದು ಹೊರಹೋಗಬಹುದು ಎಂದು ಪ್ರಕಟಿಸಿದರು. ಸುಮಾರು 60 ಜನ ಹೋದರು. 2024ರ ಅಮೆರಿಕದ ಚುನಾವಣೆಯ ಹೊತ್ತಿಗೆ ಕ್ರಿಪ್ಟೊ ಉದ್ಯಮದ ಪರವಾದ ರಾಜಕೀಯ ನಿಧಿಗೆ ಕೋಟ್ಯಂತರ ಡಾಲರ್ ಕೊಟ್ಟ ಪ್ರಮುಖರಲ್ಲಿ ಅದೇ ಕಂಪನಿಯೂ ಒಂದು. ಅವರು ಕೊಟ್ಟ ಮಾತು ಮುರಿದರು ಎನ್ನಲಾಗದು, 'ಧ್ಯೇಯಕ್ಕೆ ಸಂಬಂಧಿಸದ' ಎಂಬ ಷರತ್ತು ಮೊದಲೇ ಇತ್ತು. ಆ ಷರತ್ತಿನ ಫಲವನ್ನು ಮಾತ್ರ ನೋಡಿ: ನೌಕರನ ಕಾಳಜಿ ರಾಜಕೀಯವಾಯಿತು, ಕಂಪನಿಯ ಲಾಭ ಧ್ಯೇಯವಾಯಿತು. ಇಂಥ ಗೆರೆಯನ್ನು ನಾನು ತಟಸ್ಥ ಎಂದು ಕರೆಯಲಾರೆ.

ಡಿಸ್ನಿಯ ಪ್ರಕರಣದಲ್ಲೂ ಜನ ಮರೆಯುವ ಒಂದು ಸಂಗತಿ ಇದೆ. ಫ್ಲೋರಿಡಾದಲ್ಲಿ 2022ರಲ್ಲಿ, ಶಾಲೆಗಳಲ್ಲಿ ಲೈಂಗಿಕ ಒಲವಿನ ಬಗ್ಗೆ ಪಾಠ ನಿರ್ಬಂಧಿಸುವ ಕಾನೂನು ಬಂದಾಗ ಡಿಸ್ನಿ ಮೊದಲು ಸುಮ್ಮನಿತ್ತು, ನೌಕರರು ಪ್ರತಿಭಟಿಸಿದ ಮೇಲೆ ವಿರೋಧಿಸಿತು. ರಾಜ್ಯ ಸರ್ಕಾರ ತಿರುಗಿ ಬಿದ್ದು, 2023ರಲ್ಲಿ ಡಿಸ್ನಿಯ ವಿಶೇಷ ಜಿಲ್ಲೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಕಂಪನಿ ರಾಜಕೀಯಕ್ಕೆ ಇಳಿದು ಪೆಟ್ಟು ತಿಂದಿತು ಎಂದು ಆಗ ಎಷ್ಟೋ ಮಂದಿ ಬರೆದರು. ಆದರೆ ಆ ಜಿಲ್ಲೆ ಬಂದದ್ದು ಎಲ್ಲಿಂದ? 1967ರಲ್ಲಿ ಅದೇ ರಾಜ್ಯದ ಶಾಸನಸಭೆ ಕಾನೂನು ಮಾಡಿ ಕೊಟ್ಟದ್ದು. ರಸ್ತೆ, ಅಗ್ನಿಶಾಮಕ, ಕಟ್ಟಡ ನಿಯಮಗಳವರೆಗೆ ಸ್ಥಳೀಯ ಸರ್ಕಾರದ ಅಧಿಕಾರಗಳು ಅದಕ್ಕಿದ್ದವು. ಐವತ್ತೈದು ವರ್ಷ ನೀರಿನೊಳಗೇ ಇದ್ದ ಕಂಪನಿ ಅದು, 2022ರಲ್ಲಿ ಹೊಸದಾಗಿ ಇಳಿದದ್ದಲ್ಲ.

ಈಗ ನಿಮ್ಮ ಪತ್ರದ ಮಾತು. ಆ ಕಾನೂನು ಯಾವುದು ಎಂದು ನೀವು ಬರೆದಿಲ್ಲ, ಅದು ಒಳ್ಳೆಯದೇ, ನನ್ನ ಸ್ವಂತ ಅಭಿಪ್ರಾಯ ನಡುವೆ ಬರುವುದಿಲ್ಲ. ನೀವು ಮೂವರೂ ಒಂದು ಸಂಜೆ ಕೂತು ನಿಮ್ಮ ಗ್ರಾಹಕರ ಪಟ್ಟಿ ತೆರೆಯಿರಿ. ನಿಮ್ಮ ಸಾಫ್ಟ್‌ವೇರ್ ಆ ಕಾನೂನಿನ ಯಾವುದಾದರೂ ಕೆಲಸವನ್ನು ಮಾಡುತ್ತದೆಯೇ ಎಂದು ಹುಡುಕಿ: ಯಾರದಾದರೂ ಹೆಸರು ಪಟ್ಟಿಯಿಂದ ಬಿಡುತ್ತದೆಯೇ, ಯಾರ ಅರ್ಜಿಯನ್ನಾದರೂ ತಿರಸ್ಕರಿಸುತ್ತದೆಯೇ, ಯಾರ ಓಡಾಟವನ್ನಾದರೂ ದಾಖಲಿಸುತ್ತದೆಯೇ. ಇದನ್ನು ಪತ್ರ ಬರೆದ ನೌಕರರಿಗೇ ಕೇಳಿ, ಕೋಡ್ ಬರೆದವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹೌದು ಎಂದಾದರೆ ನೀವೇ ಆ ಕಂಡಕ್ಟರ್‌ನ ಜಾಗದಲ್ಲಿದ್ದೀರಿ. ಹೇಳಿಕೆ ಬರೆಯುವುದು ಆಮೇಲೆ, ಆ ಗುತ್ತಿಗೆ ಉಳಿಸಿಕೊಳ್ಳುವುದೇ, ಬಿಡುವುದೇ, ಷರತ್ತು ಹಾಕುವುದೇ ಎಂದು ಮೊದಲು ತೀರ್ಮಾನಿಸಿ. ಆ ತೀರ್ಮಾನಕ್ಕೆ ನಷ್ಟವೂ ಇರಬಹುದು, ಅದನ್ನು ಮೂವರೂ ಒಪ್ಪಿ ಹೊರಬೇಕು.

ಇಲ್ಲ ಎಂದಾದರೆ ನೌಕರರನ್ನು ಕೂರಿಸಿಕೊಂಡು ಎದುರಿಗೇ ಹೇಳಿ: ಈ ವಿಷಯದಲ್ಲಿ ಕಂಪನಿ ಮಾತಾಡುವುದಿಲ್ಲ, ನೀವು ನಿಮ್ಮ ಹೆಸರಿನಲ್ಲಿ ಮಾತಾಡಿ, ಮೆರವಣಿಗೆಗೆ ಹೋಗಿ, ಬರೆಯಿರಿ, ಅದರಿಂದ ಯಾರ ಕೆಲಸಕ್ಕೂ ಬಡ್ತಿಗೂ ಧಕ್ಕೆ ಬರುವುದಿಲ್ಲ. ಇದನ್ನು ಬರಹದಲ್ಲಿ ಕೊಡಿ, ಬೇರೆ ಅಭಿಪ್ರಾಯದವರಿಗೂ ಅದೇ ಕಾಗದ ಕೊಡಿ.

ಕೊನೆಯದಾಗಿ, ಸಣ್ಣ ಕಂಪನಿಗಳು ಸಾಮಾನ್ಯವಾಗಿ ನೋಡದೇ ಬಿಡುವ ಒಂದು ಕಾಗದವಿದೆ. ನೀವು ಯಾವುದಾದರೂ ಉದ್ಯಮ ಸಂಘಕ್ಕೆ ವಾರ್ಷಿಕ ಚಂದಾ ಕಟ್ಟುತ್ತಿದ್ದರೆ, ಆ ಸಂಘ ಸದಸ್ಯರ ಪರವಾಗಿ ತೆರಿಗೆ, ಕಾರ್ಮಿಕ ಕಾನೂನು, ಮಾಹಿತಿ ಸುರಕ್ಷತೆ ಮುಂತಾದ ವಿಷಯಗಳಲ್ಲಿ ಸರ್ಕಾರಕ್ಕೆ ಮನವಿ ಕೊಡುತ್ತಿರುತ್ತದೆ. ಕಳೆದ ವರ್ಷ ಕೊಟ್ಟ ಮನವಿಗಳ ಪ್ರತಿ ತರಿಸಿಕೊಳ್ಳಿ, ನೌಕರರಿಗೆ ಉತ್ತರ ಕೊಡುವ ಮೊದಲೇ ಮೂವರೂ ಓದಿ. 'ನಮ್ಮ ಕಂಪನಿ ರಾಜಕೀಯ ಮಾತಾಡುವುದಿಲ್ಲ' ಎಂದು ಅವರ ಮುಂದೆ ಹೇಳುವ ಹೊತ್ತಿಗೆ, ನಿಮ್ಮ ಹೆಸರಿನಲ್ಲಿ ಈಗಾಗಲೇ ಯಾರು ಏನು ಮಾತಾಡಿದ್ದಾರೆ ಎಂಬುದು ನಿಮಗೆ ಗೊತ್ತಿರಬೇಕು.